ಐದೂ ದಿನ ಕಚೇರಿ, ಪೂರ್ತಿ ಮನೆ, ಮೂರಕ್ಕೆ ಎರಡು: ಮೂರನ್ನೂ ಮಾಡಿ ನೋಡಿದ ಮೇಲೆ

"ಮುಂದಿನ ತಿಂಗಳಿನಿಂದ ಎಲ್ಲರೂ ವಾರದ ಐದೂ ದಿನ ಕಚೇರಿಗೆ ಬರಬೇಕು" ಎಂಬ ಮೇಲ್ ಬಂದ ದಿನ, ನಮ್ಮ ತಂಡದ 11 ಜನರಲ್ಲಿ ನಾಲ್ವರು ಸಂಜೆಯೊಳಗೆ ಬಯೋಡೇಟಾ ತಿದ್ದಲು ಕುಳಿತಿದ್ದರು. ಆ ನಾಲ್ವರಲ್ಲಿ ನಾನೂ ಒಬ್ಬಳು. ಆದರೂ ತಕ್ಷಣ ಬಿಡಲಿಲ್ಲ. ಏಳು ತಿಂಗಳು ಐದೂ ದಿನ ಕಚೇರಿಗೆ ಹೋದೆ. ಆಮೇಲೆ ರಾಜೀನಾಮೆ ಕೊಟ್ಟು, ಬೇರೆ ಕಂಪನಿಯಲ್ಲಿ 14 ತಿಂಗಳು ಪೂರ್ತಿ ಮನೆಯಿಂದ ದುಡಿದೆ. ಈಗ ಒಂದು ವರ್ಷದಿಂದ ಮೂರನೆಯ ಕಂಪನಿಯಲ್ಲಿದ್ದೇನೆ. ಮೂರು ದಿನ ಕಚೇರಿ, ಎರಡು ದಿನ ಮನೆ.

ಇಂಥ ಆದೇಶಗಳು ಹೊಸದೇನೂ ಅಲ್ಲ. ಯಾಹೂ 2013ರಲ್ಲಿಯೇ ಮನೆಯಿಂದ ದುಡಿಯುತ್ತಿದ್ದವರನ್ನು ಕಚೇರಿಗೆ ಕರೆಸಿಕೊಂಡಿತ್ತು. 2025ರ ಜನವರಿಯಿಂದ ಕಚೇರಿ ನೌಕರರು ಐದೂ ದಿನ ಬರಬೇಕೆಂದು ಅಮೆಜಾನ್ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಈಗ ಪರಿಚಿತರು ಆಗಾಗ ಫೋನ್ ಮಾಡಿ "ಬಿಟ್ಟುಬಿಡಲೇ?" ಎಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಐದೂ ದಿನ ಕಚೇರಿ

ಮನೆಯಿಂದ ಕಚೇರಿಗೆ 1 ಗಂಟೆ 20 ನಿಮಿಷ. ಹೋಗಿ ಬರುವುದು ಸೇರಿ ವಾರಕ್ಕೆ 13 ಗಂಟೆ ಮೀರುತ್ತಿತ್ತು. ಈ ಪ್ರಯಾಣವೇ ದೊಡ್ಡ ಕಷ್ಟ ಎಂದು ಮೊದಲು ಅಂದುಕೊಂಡಿದ್ದೆ. ಆದರೆ ಅದಕ್ಕಿಂತ ಹೆಚ್ಚು ನನ್ನನ್ನು ಕುಗ್ಗಿಸಿದ್ದು ಅಲ್ಲಿಗೆ ಹೋಗಿ ಮಾಡುತ್ತಿದ್ದ ಕೆಲಸ.

ನಮ್ಮ ತಂಡದ ನಾಲ್ವರು ಬೇರೆ ಊರುಗಳ ಕಚೇರಿಗಳಲ್ಲಿದ್ದರು. ಹಾಗಾಗಿ ಪ್ರತಿ ಸಭೆಯೂ ವಿಡಿಯೋ ಕರೆಯಲ್ಲೇ ನಡೆಯಬೇಕಿತ್ತು. ನಾನೂ ಪಕ್ಕದ ಮೇಜಿನ ಸಹೋದ್ಯೋಗಿಯೂ ಹೆಡ್‌ಫೋನ್ ಹಾಕಿಕೊಂಡು ಒಂದೇ ಕರೆಯಲ್ಲಿ ಕುಳಿತಿರುತ್ತಿದ್ದೆವು. ಅವರ ಮಾತು ಮೊದಲು ಗಾಳಿಯಲ್ಲಿ ಕೇಳುತ್ತಿತ್ತು, ಅರೆಕ್ಷಣ ಬಿಟ್ಟು ಕಿವಿಯೊಳಗೆ ಮತ್ತೊಮ್ಮೆ ಕೇಳುತ್ತಿತ್ತು. ಸಭೆಯ ಕೊಠಡಿಗಳು ಎಂದೂ ಖಾಲಿ ಸಿಗುತ್ತಿರಲಿಲ್ಲ. ಒಮ್ಮೆ ಕಿರಿಯ ಸಹೋದ್ಯೋಗಿಯೊಬ್ಬಳ ವಾರ್ಷಿಕ ಮೌಲ್ಯಮಾಪನದ ಮಾತುಕತೆಯನ್ನು ಮೆಟ್ಟಿಲ ತಿರುವಿನಲ್ಲಿ ಕುಳಿತು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮಾಡಬೇಕಾಯಿತು. ಯಾರಾದರೂ ಮೆಟ್ಟಿಲು ಇಳಿದಾಗಲೆಲ್ಲ ನಾನು ಸುಮ್ಮನಾಗುತ್ತಿದ್ದೆ. ಆ ಕಡೆ ಅವಳೂ ಮಾತು ನಿಲ್ಲಿಸಿ ಕಾಯುತ್ತಿದ್ದಳು. ಒಂದು ವರ್ಷದ ದುಡಿಮೆಯ ಬಗ್ಗೆ ಕೇಳಿಸಿಕೊಳ್ಳಲು ಕುಳಿತವಳಿಗೆ ಒಂದು ಮುಚ್ಚಿದ ಬಾಗಿಲನ್ನೂ ಒದಗಿಸಲಾಗಲಿಲ್ಲ. ಆ ಬೇಸರ ಇವತ್ತಿಗೂ ಹೋಗಿಲ್ಲ.

ಒಳ್ಳೆಯದೂ ಇತ್ತು. ಹಿರಿಯರೊಬ್ಬರು ಊಟದ ಹೊತ್ತಿನಲ್ಲಿ ಹೇಳುತ್ತಿದ್ದ ಹಳೆಯ ಯೋಜನೆಗಳ ಕಥೆಗಳಿಂದ ನಾನು ಕಲಿತಷ್ಟು ಯಾವ ದಾಖಲೆಯಿಂದಲೂ ಕಲಿತಿಲ್ಲ.

ಆ ದಿನಗಳಲ್ಲೇ ಅಪ್ಪನಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಹನಿ ಹಾಕಬೇಕು. ಅವರ ಕೈ ನಡುಗುತ್ತದೆ. ತಾವೇ ಹಾಕಿಕೊಂಡರೆ ಹನಿ ಕೆನ್ನೆಯ ಮೇಲೆ ಬೀಳುತ್ತದೆ. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡುತ್ತೇನೆ, ಒಂದು ತಿಂಗಳ ಮಟ್ಟಿಗೆ ಅವಕಾಶ ಕೊಡಿ ಎಂದು ಬರೆದುಕೊಂಡೆ. "ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ" ಎಂಬ ಉತ್ತರ ಬಂತು. ಅದೇ ತಿಂಗಳು, ರಜೆ ಹಾಕಿ ಮನೆಯಲ್ಲಿದ್ದ ದಿನಗಳನ್ನೂ ಗೈರುಹಾಜರಿ ಎಂದು ಕೆಂಪಕ್ಷರದಲ್ಲಿ ತೋರಿಸಿದ ಹಾಜರಾತಿ ಪಟ್ಟಿ ಬಂತು. ಗೇಟಿನಲ್ಲಿ ಗುರುತಿನ ಚೀಟಿ ಉಜ್ಜಿದ ಲೆಕ್ಕ ಅದು. ರಜೆಯ ಅರ್ಜಿಯ ಜೊತೆ ಅದನ್ನು ಯಾರೂ ತಾಳೆ ನೋಡಿರಲಿಲ್ಲ. ನಾನು ಬೇರೆ ಕೆಲಸ ಹುಡುಕಲು ನಿರ್ಧರಿಸಿದ್ದು ಆ ದಿನ.

ಪೂರ್ತಿ ಮನೆಯಿಂದ

ಮೊದಲ ಮೂರು ತಿಂಗಳು ಹಬ್ಬದಂತಿದ್ದವು. ಆ 13 ಗಂಟೆಗಳು ಕೈಗೆ ಮರಳಿ ಬಂದಿದ್ದವು. ನಿದ್ದೆ ಸರಿಹೋಯಿತು. ತಲೆ ಚುರುಕಾಗಿರುವ ಬೆಳಗಿನ ಹೊತ್ತಿನಲ್ಲಿ, ಯಾರೂ ಭುಜ ತಟ್ಟದ ಮೌನದಲ್ಲಿ, ಹಿಂದೆ ಎರಡು ದಿನ ಹಿಡಿಯುತ್ತಿದ್ದ ಬರವಣಿಗೆ ಒಂದೇ ದಿನದಲ್ಲಿ ಮುಗಿಯುತ್ತಿತ್ತು. ಒಬ್ಬರೇ ಕುಳಿತು ಮಾಡುವ ಕೆಲಸಕ್ಕೆ ಮನೆಯೇ ಮೇಲು. ಈ ಮಾತಿನಲ್ಲಿ ನನಗೆ ಸಂದೇಹವಿಲ್ಲ.

ತೊಡಕು ಕಂಡದ್ದು ತಂಡಕ್ಕೆ ಹೊಸ ಹುಡುಗನೊಬ್ಬ ಸೇರಿದಾಗ. ಓದು ಮುಗಿಸಿ ನೇರವಾಗಿ ಬಂದವನು. ಒಂದು ಸೋಮವಾರ ಅವನಿಗೊಂದು ಸಣ್ಣ ಕೆಲಸ ಕೊಟ್ಟೆ. "ಹೇಗೆ ನಡೆಯುತ್ತಿದೆ?" ಎಂದು ಸಂದೇಶ ಕಳಿಸಿದರೆ "ಮಾಡುತ್ತಿದ್ದೇನೆ ಮೇಡಂ" ಎಂದು ಉತ್ತರಿಸುತ್ತಿದ್ದ. ಗುರುವಾರ ಕರೆ ಮಾಡಿ ಪರದೆ ತೋರಿಸು ಎಂದೆ. ಮೊದಲ ದಿನವೇ ಒಂದು ಅನುಮತಿ ಸಿಗದೆ ಅವನ ಕೆಲಸ ನಿಂತುಹೋಗಿತ್ತು. ಅದು ಹತ್ತು ನಿಮಿಷದಲ್ಲಿ ಬಗೆಹರಿಯುವ ಸಂಗತಿ. ಯಾರನ್ನು ಕೇಳಬೇಕೆಂದು ಅವನಿಗೆ ಗೊತ್ತಿರಲಿಲ್ಲ, ನನ್ನನ್ನು ಕೇಳಲು ಸಂಕೋಚ. ಪಕ್ಕದ ಮೇಜಿನಲ್ಲಿದ್ದಿದ್ದರೆ ಅವನ ಮುಖ ನೋಡಿಯೇ ನನಗೆ ತಿಳಿಯುತ್ತಿತ್ತು. ಮೂರು ದಿನ ಆ ಹುಡುಗ ಒಂದು ಕೋಣೆಯಲ್ಲಿ ಒಬ್ಬನೇ ಕುಳಿತು ತಾನು ದಡ್ಡನೆಂದು ನಂಬಿಕೊಂಡಿದ್ದ. ಇದರಲ್ಲಿ ನನ್ನ ಹೊಣೆಯೂ ಇತ್ತು.

ನನ್ನ ಸ್ಥಿತಿಯೂ ಬದಲಾಗುತ್ತಿತ್ತು. ಹತ್ತನೆಯ ತಿಂಗಳ ಹೊತ್ತಿಗೆ, ಮನೆಯವರನ್ನು ಬಿಟ್ಟರೆ ಇಡೀ ವಾರದಲ್ಲಿ ಯಾರೊಂದಿಗೂ ಎದುರುಬದುರು ಕುಳಿತು ಮಾತಾಡಿರುತ್ತಿರಲಿಲ್ಲ. ಕೆಲಸ ಮುಗಿಯಿತೆಂದು ಹೇಳುವ ಗಡಿಯಾರವೂ ಇರಲಿಲ್ಲ. ರಾತ್ರಿ ಒಂಬತ್ತಕ್ಕೂ ಲ್ಯಾಪ್‌ಟಾಪ್ ತೆರೆದೇ ಇರುತ್ತಿತ್ತು.

ಆಗ ನನಗೆ ಸಮಾಧಾನ ಕೊಟ್ಟದ್ದು ಒಂದು ಹಳೆಯ ಪ್ರಯೋಗ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಅವರ ಸಂಗಡಿಗರು 2010ರ ಕೊನೆಯಿಂದ ಒಂಬತ್ತು ತಿಂಗಳು ಚೀನಾದ ಸಿಟ್ರಿಪ್ ಕಂಪನಿಯ ಕಾಲ್ ಸೆಂಟರ್‌ನಲ್ಲಿ ನಡೆಸಿದ್ದು. ಮನೆಯಿಂದ ದುಡಿದವರ ಕೆಲಸ ಶೇ. 13ರಷ್ಟು ಹೆಚ್ಚಿತು, ಕೆಲಸ ಬಿಡುವವರ ಪ್ರಮಾಣ ಅರ್ಧಕ್ಕೆ ಇಳಿಯಿತು. ಆದರೆ ಅಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಮನೆಯಲ್ಲಿದ್ದವರಿಗೆ ಬಡ್ತಿ ಸಿಗುವುದು ಕಡಿಮೆಯಾಯಿತು. ಪ್ರಯೋಗ ಮುಗಿದು ಆಯ್ಕೆ ಕೊಟ್ಟಾಗ, ಮನೆಯಿಂದ ದುಡಿದವರಲ್ಲಿ ಸುಮಾರು ಅರ್ಧದಷ್ಟು ಜನ ಕಚೇರಿಗೆ ಮರಳಿದರು. ಅವರು ಕೊಟ್ಟ ಕಾರಣಗಳಲ್ಲಿ ಒಂಟಿತನವೂ ಒಂದು. ಅದನ್ನು ಓದಿದ ಮೇಲೆ, ನನಗಾಗುತ್ತಿರುವುದು ನನ್ನೊಬ್ಬಳ ದೌರ್ಬಲ್ಯವೇನಲ್ಲ ಎಂದು ಅರ್ಥವಾಯಿತು.

ಮೂರು ದಿನ ಕಚೇರಿ, ಎರಡು ದಿನ ಮನೆ

ಹೈಬ್ರಿಡ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ವ್ಯವಸ್ಥೆಗಳಿವೆ. ಎರಡನ್ನೂ ಈ ಮೂರನೆಯ ಕಂಪನಿಯಲ್ಲೇ ಕಂಡೆ.

ಮೊದಲ ಎರಡು ತಿಂಗಳು ಯಾವ ಮೂರು ದಿನ ಬರಬೇಕೆಂಬುದು ಅವರವರಿಗೆ ಬಿಟ್ಟದ್ದಾಗಿತ್ತು. ಕೇಳಲು ಹಿತವಾಗಿದೆ. ಆದರೆ ನಾನು ಮಂಗಳವಾರ ಹೋದರೆ, ನನಗೆ ಬೇಕಾದವರು ಗುರುವಾರ ಬಂದಿರುತ್ತಿದ್ದರು. ಮತ್ತೆ ಅದೇ ಹೆಡ್‌ಫೋನ್, ಅದೇ ವಿಡಿಯೋ ಕರೆ. ಆಮೇಲೆ ತಂಡವೇ ಕುಳಿತು ಮಂಗಳವಾರ, ಬುಧವಾರ, ಗುರುವಾರ ಎಲ್ಲರೂ ಬರುವುದೆಂದು ಗೊತ್ತುಮಾಡಿಕೊಂಡಿತು. ಅಂದಿನಿಂದ ಕಚೇರಿಯ ದಿನಕ್ಕೊಂದು ಅರ್ಥ ಬಂತು. ವಿನ್ಯಾಸದ ಚರ್ಚೆ, ಹೊಸಬರಿಗೆ ಹೇಳಿಕೊಡುವುದು, ಭಿನ್ನಾಭಿಪ್ರಾಯ ಬಗೆಹರಿಸುವುದು, ಎಲ್ಲವೂ ಆ ಮೂರು ದಿನಗಳಿಗೆ. ಬರೆಯುವುದು, ಪರಿಶೀಲಿಸುವುದು ಸೋಮವಾರ, ಶುಕ್ರವಾರಕ್ಕೆ. ಪ್ರಯಾಣ ಈಗಲೂ ವಾರಕ್ಕೆ ಐದು ಗಂಟೆ ತಿನ್ನುತ್ತದೆ. ಅದಕ್ಕೆ ಪ್ರತಿಯಾಗಿ ಸಿಗುವುದು ಕಣ್ಣಿಗೆ ಕಾಣುವುದರಿಂದ ಆ ಐದು ಗಂಟೆ ನನಗೆ ಭಾರವೆನಿಸುವುದಿಲ್ಲ.

ಅದೇ ಬ್ಲೂಮ್ ತಂಡ ಅದೇ ಕಂಪನಿಯಲ್ಲಿ ಇದನ್ನೂ ಪರೀಕ್ಷಿಸಿ ನೋಡಿದೆ. ಕಂಪನಿಯ ಹೆಸರು ಈಗ ಟ್ರಿಪ್.ಕಾಮ್. 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿದ್ದವರು 1,612 ನೌಕರರು. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಿದವರಲ್ಲಿ ರಾಜೀನಾಮೆಗಳು ಮೂರನೆಯ ಒಂದು ಭಾಗದಷ್ಟು ಕಡಿಮೆಯಾದವು. ಮೌಲ್ಯಮಾಪನದಲ್ಲಾಗಲಿ ಬಡ್ತಿಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಈ ಪದ್ಧತಿಯಿಂದ ಕೆಲಸ ಕುಗ್ಗುತ್ತದೆ ಎಂದು ಆರಂಭದಲ್ಲಿ ಅಂದಾಜಿಸಿದ್ದ ಮ್ಯಾನೇಜರುಗಳೇ ಪ್ರಯೋಗದ ಕೊನೆಗೆ ಸ್ವಲ್ಪ ಹೆಚ್ಚುತ್ತದೆ ಎಂದರು. ಐದೂ ದಿನಕ್ಕಾಗಿ ಹಟ ಹಿಡಿಯುವ ಆಡಳಿತಗಳು ಇದನ್ನೊಮ್ಮೆ ಓದಬೇಕು ಎಂದು ನಾನು ಮನಸಾರೆ ಬಯಸುತ್ತೇನೆ.

ಹಾಗಾದರೆ ಬಿಡಬೇಕೇ?

ಫೋನ್ ಮಾಡಿದವರಿಗೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ನಿಮ್ಮ ತಂಡ ಎಲ್ಲಿದೆ? ಎಲ್ಲರೂ ಒಂದೇ ಕಟ್ಟಡಕ್ಕೆ ಬರುವುದಾದರೆ, ಪ್ರಯಾಣ ತಡೆದುಕೊಳ್ಳುವಂತಿದ್ದರೆ, ಎರಡು ತಿಂಗಳು ಹೋಗಿ ನೋಡಿ ಎನ್ನುತ್ತೇನೆ. ವೃತ್ತಿಗೆ ಬಂದು ಒಂದೆರಡು ವರ್ಷವಷ್ಟೇ ಆಗಿರುವವರಿಗಂತೂ, ಮನೆಯಿಂದ ಕೆಲಸ ಸಿಗುತ್ತದೆಂಬ ಒಂದೇ ಕಾರಣಕ್ಕೆ ಬಿಡಬೇಡಿ ಎಂದೇ ಹೇಳುತ್ತೇನೆ. ಆ ಹುಡುಗನ ಮುಖ ನೆನಪಾಗುತ್ತದೆ. ತಂಡ ನಾಲ್ಕು ಊರುಗಳಲ್ಲಿ ಚದುರಿದ್ದು, ನೀವು ಕುರ್ಚಿ ತುಂಬಿಸಲು ಮಾತ್ರ ಹೋಗಬೇಕಾದರೆ, ಬೇರೆ ಕೆಲಸ ಹುಡುಕಿ. ಆದರೆ ಹೊಸ ಕಂಪನಿಯ ನೇಮಕಾತಿ ಪತ್ರ ಕೈಗೆ ಬರುವವರೆಗೆ ರಾಜೀನಾಮೆ ಬರೆಯಬೇಡಿ. ನನಗೆ ಆ ಪತ್ರ ಸಿಗಲು ನಾಲ್ಕು ತಿಂಗಳು ಹಿಡಿಯಿತು, ಅದರ ಮೇಲೆ ನೋಟಿಸ್ ಅವಧಿ ಬೇರೆ. ಸಿಟ್ಟಿನಲ್ಲಿ ಅಂದೇ ಬಿಟ್ಟಿದ್ದರೆ ಅಪ್ಪನ ಚಿಕಿತ್ಸೆಯ ನಡುವೆ ಸಂಬಳವಿಲ್ಲದೆ ಕೂರಬೇಕಾಗುತ್ತಿತ್ತು.

ಪತ್ರ ಬಂದಾಗ, ಕೆಲಸದ ಸ್ಥಳ ಎಂದು ಏನು ಬರೆದಿದ್ದಾರೆ ನೋಡಿ. ಮೊದಲ ಕಂಪನಿಯಲ್ಲಿ "ನಿಮಗೆ ಯಾವಾಗಲೂ ಮನೆಯಿಂದಲೇ" ಎಂದು ನನ್ನ ಮ್ಯಾನೇಜರ್ ಬಾಯಿಮಾತಿನಲ್ಲಿ ಹೇಳಿದ್ದರು. ಪಾಪ, ಅವರು ಮನಃಪೂರ್ವಕವಾಗಿಯೇ ಹೇಳಿದ್ದರು. ಆದೇಶ ಬರುವ ಹೊತ್ತಿಗೆ ಅವರೇ ಕಂಪನಿ ಬಿಟ್ಟಿದ್ದರು. ಸಂದರ್ಶನದಲ್ಲಿ ನಾನು ಈಗ ತಪ್ಪದೆ ಕೇಳುವ ಇನ್ನೊಂದು ಪ್ರಶ್ನೆ: ಕಳೆದ ವಾರ ನಿಮ್ಮ ತಂಡದವರು ಯಾವ ಯಾವ ದಿನ ಒಟ್ಟಿಗೆ ಕಚೇರಿಯಲ್ಲಿದ್ದರು? ನಿಯಮ ಏನೆಂದು ಕೇಳಿದರೆ ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ. ಕಳೆದ ವಾರದ್ದನ್ನು ಕೇಳಿದರೆ ನಿಜ ಹೊರಬರುತ್ತದೆ.

ಅಂದು ಬಯೋಡೇಟಾ ತಿದ್ದಲು ಕುಳಿತ ನಾಲ್ವರಲ್ಲಿ ಒಬ್ಬಳು ಇನ್ನೂ ಆ ಮೊದಲ ಕಂಪನಿಯಲ್ಲೇ ಇದ್ದಾಳೆ. ಅವಳ ಮನೆ ಕಚೇರಿಗೆ ಹತ್ತು ನಿಮಿಷದ ನಡಿಗೆ. ಕಳೆದ ವರ್ಷ ಅವಳನ್ನು, ಎಲ್ಲರೂ ಅದೇ ಮಹಡಿಯಲ್ಲಿ ಕೂರುವ ತಂಡಕ್ಕೆ ಹಾಕಿದರು. ಈಗ ಐದೂ ದಿನ ಸಂತೋಷದಿಂದ ಹೋಗುತ್ತಿದ್ದೇನೆ ಎನ್ನುತ್ತಾಳೆ.