ಸ್ಪ್ಯಾಮ್‌ಗೆ ಬೀಳದ ಇಮೇಲ್: ನಾನು ಬಳಸಿ ನೋಡಿದ ಮೂರು ದಾರಿ

ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಪುಡಿ ತರಿಸಿಕೊಳ್ಳುವವರಲ್ಲಿ ಬೆಂಗಳೂರು, ಮೈಸೂರಿನವರೇ ಜಾಸ್ತಿ. ಕೇಳಿದವರಿಗೆ ತಿಂಗಳಿಗೊಂದು ಇಮೇಲ್ ಹಾಕುತ್ತೇವೆ. ಅರೇಬಿಕಾ ಕೊಯ್ಲು ಎಲ್ಲಿಗೆ ಬಂತು, ಹೂಮಳೆ ಆಯ್ತಾ, ಪೀಬೆರಿ (ಹಣ್ಣಿನೊಳಗೆ ಒಂದೇ ದುಂಡು ಬೀಜ ಇರುವ ಕಾಫಿ) ಯಾವಾಗ ಹುರಿಯುತ್ತೇವೆ ಅಂತ. ಅದು ಸ್ಪ್ಯಾಮ್‌ಗೆ ಬಿದ್ದರೆ ಆ ತಿಂಗಳ ಆರ್ಡರ್ ಹೋದಂತೆಯೇ.

ಮಾಮೂಲಿ ಜಿಮೇಲ್‌ನಲ್ಲಿ ಎಲ್ಲರನ್ನೂ ಬಿಸಿಸಿಗೆ (ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಜಾಗ) ಹಾಕಿ ಕಳಿಸುವುದು ಮೊದಲ ದಾರಿ. ಪರಿಚಯದ ನಾಲ್ಕಾರು ಮನೆಗಳಿಗೆ ಇದು ಸಾಕು. ದಿನಕ್ಕೆ 500 ಜನರ ಮಿತಿ ಇದೆ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ ಪಟ್ಟಿಯಿಂದ ಹೊರಬರಲು ಓದುವವರಿಗೆ ಲಿಂಕ್ ಇರುವುದಿಲ್ಲ. ಬೇಡ ಅನಿಸಿದವರು ಸ್ಪ್ಯಾಮ್ ಬಟನ್ ಒತ್ತುತ್ತಾರೆ. ಅವರದೇನೂ ತಪ್ಪಿಲ್ಲ, ಬೇರೆ ದಾರಿ ನಾವೇ ಕೊಟ್ಟಿಲ್ಲ ಅಲ್ವಾ?

ಎರಡನೆಯದು ವೆಬ್‌ಸೈಟ್ ಹೋಸ್ಟಿಂಗ್ ಜೊತೆ ಬರುವ ಮೇಲ್. ಮೂರರಲ್ಲಿ ನನಗೆ ಅತಿ ಹೆಚ್ಚು ತಲೆನೋವು ಕೊಟ್ಟಿದ್ದು ಇದೇ. ಒಂದೇ ಐಪಿ ವಿಳಾಸದಿಂದ (ಮೇಲ್ ಕಳಿಸುವ ಸರ್ವರ್‌ನ ಗುರುತಿನ ಸಂಖ್ಯೆ) ಎಷ್ಟೋ ಸೈಟ್‌ಗಳ ಮೇಲ್ ಹೊರಡುತ್ತದೆ. ಅದರಲ್ಲಿ ಯಾರೋ ಒಬ್ಬರು ಕಸ ಕಳಿಸಿದರೂ ಐಪಿಯ ಹೆಸರು ಕೆಡುತ್ತದೆ. ಮೇಲ್ ನಮ್ಮದೇ ಎಂದು ತೋರಿಸುವ ದಾಖಲೆಗಳು ಸರಿ ಇದ್ದರೂ ಪತ್ರ ಸ್ಪ್ಯಾಮ್‌ಗೆ ಹೋಗುತ್ತಿತ್ತು.

ಮೂರನೆಯದು, ಈಗ ಬಳಸುತ್ತಿರುವುದು, ಬ್ರೆವೋ ಎಂಬ ಇಮೇಲ್ ಕಳಿಸುವ ಸೇವೆ. ಉಚಿತ ಖಾತೆಯಲ್ಲಿ ದಿನಕ್ಕೆ 300 ಮೇಲ್. ನಮ್ಮಂಥವರಿಗೆ ನಾನು ಹೇಳುವುದು ಇದನ್ನೇ. ಆದರೆ ಸುಮ್ನೆ ಖಾತೆ ತೆರೆದರೆ ಆಗಲ್ಲ. ಕಳಿಸುವವರ ಜಾಗದಲ್ಲಿ ಜಿಮೇಲ್ ವಿಳಾಸ ಇರಬಾರದು, ಸ್ವಂತ ಡೊಮೈನ್ (ವಿಳಾಸದಲ್ಲಿ @ ಆದಮೇಲೆ ಬರುವ ನಿಮ್ಮದೇ ಹೆಸರು) ಬೇಕು. ಸೇವೆಯವರು ಕೊಡುವ ಡಿಕಿಮ್ (ಮೇಲ್ ನಿಮ್ಮ ಡೊಮೈನ್‌ನದೇ ಎಂದು ತೋರಿಸುವ ಡಿಜಿಟಲ್ ಸಹಿ) ದಾಖಲೆಯನ್ನು ಡೊಮೈನ್ ಕೊಂಡ ಕಡೆ ಡಿಎನ್‌ಎಸ್ ಪುಟದಲ್ಲಿ, ಅಂದರೆ ಡೊಮೈನ್‌ನ ಸೆಟ್ಟಿಂಗ್ ಪುಟದಲ್ಲಿ, ಸೇರಿಸಬೇಕು, ಜೊತೆಗೆ ಡಿಮಾರ್ಕ್ (ಪರೀಕ್ಷೆ ಪಾಸಾಗದ ಮೇಲನ್ನು ಏನು ಮಾಡಬೇಕೆಂದು ಹೇಳುವ) ದಾಖಲೆಯನ್ನೂ.

ಆಮೇಲೆ ನಿಮ್ಮದೇ ಜಿಮೇಲ್‌ಗೆ ಒಂದು ಪ್ರತಿ ಕಳಿಸಿ, ಮೂರು ಚುಕ್ಕೆಯ ಮೆನುವಿನಲ್ಲಿ 'ಶೋ ಒರಿಜಿನಲ್' ಒತ್ತಿ. ಎಸ್‌ಪಿಎಫ್ (ಡೊಮೈನ್ ಪರವಾಗಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಎಂಬ ಪಟ್ಟಿ), ಡಿಕಿಮ್, ಡಿಮಾರ್ಕ್ ಮೂರರ ಮುಂದೆಯೂ 'ಪಾಸ್' ಅಂತ ಇರಬೇಕು. ಡಿಕಿಮ್ ಸಾಲನ್ನು ಗಮನವಿಟ್ಟು ನೋಡಿ. ಅಲ್ಲಿ ಸೇವೆಯವರ ಡೊಮೈನ್ ಇದ್ದರೆ ಕೆಲಸ ಇನ್ನೂ ಅರ್ಧ. ನಿಮ್ಮ ಡೊಮೈನೇ ಕಾಣಬೇಕು. ಡಿಮಾರ್ಕ್ ನೋಡುವುದು ಕಳಿಸುವವರ ಡೊಮೈನ್ ಜೊತೆ ತಾಳೆ ಆಗುತ್ತದಾ ಅಂತ, ಹಾಗಾಗಿ ಎಸ್‌ಪಿಎಫ್ ಸೇವೆಯವರ ಹೆಸರಿನಲ್ಲಿ ಪಾಸ್ ಆದರೆ ಅದು ಲೆಕ್ಕಕ್ಕಿಲ್ಲ.

2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ನಿಯಮ ಬಿಗಿ ಮಾಡಿವೆ. ಜಿಮೇಲ್‌ಗೆ ದಿನಕ್ಕೆ 5,000 ಅಥವಾ ಅದಕ್ಕಿಂತ ಹೆಚ್ಚು ಮೇಲ್ ಕಳಿಸುವವರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಕಡ್ಡಾಯ. ಪ್ರಚಾರದ ಮೇಲ್‌ನಲ್ಲಿ ಒಂದೇ ಕ್ಲಿಕ್ಕಿಗೆ ಪಟ್ಟಿ ಬಿಡುವ ಅವಕಾಶವೂ ಇರಬೇಕು. ಸ್ಪ್ಯಾಮ್ ದೂರು 0.3% ಮುಟ್ಟಬಾರದು. ನಾವು ಅಷ್ಟು ಕಳಿಸಲ್ಲ, ಆದರೂ ಪಾಲಿಸುತ್ತೇವೆ. ಸಾವಿರ ಜನರಲ್ಲಿ ಮೂವರು ಬಟನ್ ಒತ್ತಿದರೆ 0.3% ಆಗಿಹೋಯಿತು. ಅದಕ್ಕೇ ತುಂಬಾ ದಿನದಿಂದ ಪತ್ರ ತೆರೆಯದವರನ್ನು ಒಮ್ಮೆ ಕೇಳಿ, ಉತ್ತರ ಬಾರದಿದ್ದರೆ ಪಟ್ಟಿಯಿಂದ ತೆಗೆಯುತ್ತೇವೆ.

ಸಕಲೇಶಪುರದ ಕಡೆ ದೊಡ್ಡ ಹೋಂಸ್ಟೇ ನಡೆಸುವವರು, ಅತಿಥಿಗಳ ಪಟ್ಟಿ ಸಾವಿರಗಟ್ಟಲೆ ಇರುವವರು, ಅಮೆಜಾನ್ ಎಸ್‌ಇಎಸ್ (ಅಮೆಜಾನ್‌ನ ಇಮೇಲ್ ಕಳಿಸುವ ಸೇವೆ) ನೋಡಬಹುದು. ಸಾವಿರ ಮೇಲ್‌ಗೆ 10 ಸೆಂಟ್ ಅಷ್ಟೇ. ಆದರೆ ವಾಪಸ್ ಬಂದ ಮೇಲ್ ಮತ್ತು ದೂರುಗಳ ಮೇಲೆ ನೀವೇ ಕಣ್ಣಿಡಬೇಕು. ಮನೆಯಲ್ಲಿ ಕಂಪ್ಯೂಟರ್ ಕೆಲಸ ಬಲ್ಲವರು ಒಬ್ಬರಾದರೂ ಇದ್ದರೆ ಮಾತ್ರ ಆ ಕಡೆ ಹೋಗಿ.