ಜ್ವರ ಇಲ್ವಲ್ಲ ಅಂತ ಸುಮ್ನಿದ್ವಿ, ಅಮ್ಮನ್ನ ಕಳ್ಕೊಂಡ್ವಿ

ಮನೇಲಿ ವಯಸ್ಸಾದವ್ರು, ಶುಗರ್ ಇರೋರು, ಡಯಾಲಿಸಿಸ್ ಇಲ್ಲಾ ಕಿಮೋ ಮಾಡಿಸ್ಕೋತಿರೋರು ಇದ್ರೆ ದಯವಿಟ್ಟು ಇದನ್ನ ಪೂರ್ತಿ ಓದಿ. ಇದು ಸೆಪ್ಸಿಸ್ ಬಗ್ಗೆ, ಅಂದ್ರೆ ಒಂದು ಇನ್ಫೆಕ್ಷನ್ನಿಂದ ಶುರುವಾಗಿ ಇಡೀ ದೇಹಾನೇ ಕೆಡಿಸೋ ಕಾಯಿಲೆ ಬಗ್ಗೆ.

ಅಮ್ಮಂಗೆ 74. ಇಪ್ಪತ್ತು ವರ್ಷದ ಶುಗರ್, ಬಿಪಿಗೆ ಮೆಟೊಪ್ರೊಲಾಲ್ ಮಾತ್ರೆ. ಮಂಗಳವಾರ ಉರಿಮೂತ್ರ ಅಂದ್ರು, ಬಾರ್ಲಿ ನೀರು ಕೊಟ್ವಿ, ಮೆಡಿಕಲ್ ಶಾಪಿಂದ ಒಂದು ಸಿರಪ್ ತಂದ್ವಿ. ಬುಧವಾರ ಊಟ ಬೇಡ ಅಂದ್ರು. ಗುರುವಾರ ಬೆಳಿಗ್ಗೆ ನನ್ನ ನೋಡಿ ಚಿಕ್ಕಮ್ಮನ ಹೆಸ್ರು ಹಿಡಿದು ಕರೆದ್ರು, ಮಟಮಟ ಮಧ್ಯಾಹ್ನ ದೇವ್ರ ಮುಂದೆ ಕೂತು ಸಂಜೆ ಆಯ್ತು ದೀಪ ಹಚ್ರೇ ಅಂದ್ರು. ವಯಸ್ಸಾಯ್ತಲ್ಲ, ಅರಳು ಮರಳು ಶುರು ಆಗಿರ್ಬೇಕು ಅಂತ ನಾನು ಅತ್ತಿಗೆ ಮಾತಾಡ್ಕೊಂಡ್ವಿ. ಸೋಮವಾರ ತಾನೇ ಹಾಲಿನವನ ಲೆಕ್ಕ ಒಂದ್ರೂಪಾಯಿ ತಪ್ಪದೆ ಹೇಳಿದೋರಿಗೆ ರಾತ್ರಿ ಬೆಳಗಾಗೋದ್ರಲ್ಲಿ ಅರಳು ಮರಳು ಹೆಂಗೆ ಬರುತ್ತೆ ಅಂತ ಇಬ್ರಿಗೂ ಹೊಳೀಲೇ ಇಲ್ಲ.

ಸಂಜೆ ಹತ್ರದ ಕ್ಲಿನಿಕ್ಕಿಗೆ ಕರ್ಕೊಂಡು ಹೋದ್ವಿ. ಥರ್ಮಾಮೀಟರಲ್ಲಿ 96, ಜ್ವರ ಇಲ್ಲ ಅಂದ್ರು. ಬಿಪಿ 100, ಪರವಾಗಿಲ್ಲ ಕಂಟ್ರೋಲಲ್ಲಿದೆ ಅಂದ್ರು, ಅಮ್ಮನ ಬಿಪಿ ಯಾವತ್ತೂ 150ರ ಮೇಲೇ ಇರ್ತಿತ್ತು ಅಂತ ನಾವು ಬಾಯಿ ಬಿಟ್ಟು ಹೇಳ್ಬೇಕಿತ್ತು, ಹೇಳ್ಲಿಲ್ಲ. ಸುಸ್ತಿಗೆ ಮಾತ್ರೆ ಬರ್ಕೊಟ್ರು, ವಾಪಸ್ ಬಂದ್ವಿ.

ರಾತ್ರಿ ಕೈಕಾಲು ಮಂಜುಗಡ್ಡೆ ಥರ, ಓಡಿ ಬಂದೋರ ಹಾಗೆ ಏದುಸಿರು, ಬೆಳಿಗ್ಗೆಯಿಂದ ಒಂದ್ಸಲಾನೂ ಮೂತ್ರಕ್ಕೆ ಹೋಗಿಲ್ಲ ಅಂತ ಆಗ ಗೊತ್ತಾಯ್ತು. 108ಕ್ಕೆ ಫೋನ್ ಮಾಡಿ ಆಸ್ಪತ್ರೆ ಸೇರೋ ಹೊತ್ತಿಗೆ ಮೂರು ಗಂಟೆ, ಬಿಪಿ 70. ಸೆಪ್ಟಿಕ್ ಶಾಕ್, ಅಂದ್ರೆ ಸೆಪ್ಸಿಸ್ ಜಾಸ್ತಿಯಾಗಿ ಬಿಪಿ ಕುಸಿದುಹೋಗಿದೆ ಅಂದ್ರು. ಯಾವ ಕ್ರಿಮಿ ಅಂತ ನೋಡೋ ಬ್ಲಡ್ ಕಲ್ಚರ್ ಟೆಸ್ಟಿಗೆ ರಕ್ತ ತಗೊಂಡು ಆಂಟಿಬಯೋಟಿಕ್, ಸಲೈನ್, ಬಿಪಿ ಏರ್ಸೋ ಇಂಜೆಕ್ಷನ್ ಎಲ್ಲಾ ಶುರು ಮಾಡಿದ್ರು. ಅಲ್ಲಿನ ಡಾಕ್ಟ್ರು ಮೊದಲು ಕೇಳಿದ್ದೇ ಇವರು ಏನೇನೋ ಮಾತಾಡೋಕೆ ಶುರುವಾಗಿ ಎಷ್ಟು ಹೊತ್ತಾಯ್ತು ಅಂತ. ಬೆಳಿಗ್ಗೆಯಿಂದ ಅಂದೆ. ಅವ್ರು ಏನೂ ಅನ್ಲಿಲ್ಲ. ಎರಡನೇ ದಿನ ಕಿಡ್ನಿ ನಿಂತ್ವು, ಐದನೇ ದಿನ ಅಮ್ಮ ಹೋದ್ರು.

ಸೆಪ್ಸಿಸ್ ಅನ್ನೋ ಹೆಸ್ರೇ ನಾವು ಕೇಳಿರ್ಲಿಲ್ಲ. 2017ರಲ್ಲಿ ಪ್ರಪಂಚದಾದ್ಯಂತ ಇದ್ರಿಂದ ಸುಮಾರು 1 ಕೋಟಿ 10 ಲಕ್ಷ ಜನ ಸತ್ತಿದಾರೆ ಅಂತ ಅಂದಾಜಿದೆಯಂತೆ, ಆಮೇಲೆ ಓದಿದೆ. ಎಲ್ಲೋ ಒಂದ್ಕಡೆ ಇನ್ಫೆಕ್ಷನ್ ಇರುತ್ತೆ, ಮೂತ್ರದಲ್ಲೋ ಶ್ವಾಸಕೋಶದಲ್ಲೋ ಶುಗರಿನವರ ಕಾಲಿನ ಗಾಯದಲ್ಲೋ ಮಲಗಿದ್ದಲ್ಲೇ ಇರೋರ ಬೆನ್ನು ಹುಣ್ಣಲ್ಲೋ, ಅದನ್ನ ಎದುರಿಸೋಕೆ ಹೋಗಿ ದೇಹ ತನ್ನ ಕಿಡ್ನಿ, ಶ್ವಾಸಕೋಶಾನೇ ಹಾಳು ಮಾಡ್ಕೊಳ್ಳುತ್ತೆ. ವಯಸ್ಸಾದವ್ರಿಗೆ ಜ್ವರ ಬರ್ದೇನೂ ಇರ್ಬಹುದು, ಮೈ ತಣ್ಣಗೂ ಆಗ್ಬಹುದು. ಪ್ಯಾರಾಸಿಟಮಾಲ್ ನುಂಗಿದ್ರೆ ಇರೋ ಜ್ವರಾನೂ ಕಾಣಲ್ಲ. ಅಮ್ಮ ತಗೋತಿದ್ದಂಥ ಬಿಪಿ ಮಾತ್ರೆ ನಾಡಿ ಜೋರಾಗೋಕೆ ಬಿಡಲ್ಲ, ಹಾಗಾಗಿ ಪಲ್ಸ್ ನೋಡಿದ್ರೂ ಸರಿಯಾಗೇ ಇದೆ ಅನ್ಸುತ್ತೆ. ಶಾಕ್ ಆಗಿದ್ರೆ ಒಂದು ಗಂಟೆ ಒಳಗೆ ಆಂಟಿಬಯೋಟಿಕ್ ಬೀಳ್ಬೇಕಂತೆ, ನಾವು ಮನೇಲೇ ಒಂದಿಡೀ ದಿನ ಕಳೆದಿದ್ವಿ.

ಅಪ್ಪಂಗೆ ಪ್ರಾಸ್ಟೇಟ್ ತೊಂದ್ರೆಗೆ ಯೂರಿನ್ ಪೈಪ್ ಹಾಕಿದೆ, ಅದ್ರಿಂದಾನೂ ಇನ್ಫೆಕ್ಷನ್ ಆಗ್ಬಹುದು. ಅವ್ರ ಮಾಮೂಲಿ ಬಿಪಿ ಎಷ್ಟು, ಯಾವ್ಯಾವ ಮಾತ್ರೆ ತಗೋತಾರೆ ಅಂತ ಬರೆದು ಫ್ರಿಜ್ ಮೇಲೆ ಅಂಟಿಸಿದೀನಿ. ಹೋದ ತಿಂಗಳು ಒಂದಿನ ರಾತ್ರಿ ಮೈ ನಡುಗ್ತಿದೆ ಕಣಮ್ಮ ಅಂದ್ರು, ಬೆಳಿಗ್ಗೆ ನೋಡೋಣ ಅನ್ಲಿಲ್ಲ, ಆ ಚೀಟಿ ಕಿತ್ಕೊಂಡು ಹನ್ನೊಂದು ಗಂಟೆಗೇ ಹೊರಟೆ, ಕ್ಯಾಶುವಾಲ್ಟಿ ಬಾಗಿಲಲ್ಲೇ ಸೆಪ್ಸಿಸ್ ಇದ್ಯಾ ನೋಡಿ ಡಾಕ್ಟ್ರೇ ಅಂದೆ. ನಾಲ್ಕು ದಿನ ಡ್ರಿಪ್ಪಲ್ಲಿ ಆಂಟಿಬಯೋಟಿಕ್ ಕೊಟ್ಟು ಮನೆಗೆ ಕಳಿಸಿದ್ರು.