ಸಮಾಧಿಯ ಆರೈಕೆ: ಇಂಗ್ಲೆಂಡಿನ ಕರಾರೋ, ನ್ಯೂಯಾರ್ಕಿನ ನಿಧಿಯೋ?

ಹೂಳುವ ಸಂಪ್ರದಾಯದವರು, ಲಿಂಗಾಯತರಿರಲಿ ಕ್ರೈಸ್ತರಿರಲಿ, ಹೊರದೇಶದಲ್ಲಿ ಜಾಗ ಕೊಳ್ಳುವಾಗ 'ಶಾಶ್ವತ ಆರೈಕೆ' ಎಂಬ ಮಾತಿಗೆ ಮರುಳಾಗಬಾರದು.

ಇಂಗ್ಲೆಂಡಿನಲ್ಲಿ 1970ರ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳು ಸಮಾಧಿ ನೋಡಿಕೊಳ್ಳುವ ಕರಾರನ್ನು ಹೆಚ್ಚೆಂದರೆ 99 ವರ್ಷಕ್ಕೆ ಮಾಡಿಕೊಳ್ಳಬಹುದು. ಹೂಳುವ ಹಕ್ಕಿಗೂ, 1977ರ ಆದೇಶದಂತೆ, ಒಮ್ಮೆಗೆ 100 ವರ್ಷದ ಮಿತಿ, ಆಮೇಲೆ ನವೀಕರಿಸಬಹುದು.

ನ್ಯೂಯಾರ್ಕಿನಲ್ಲಿ ಕಾನೂನಿನ ಕಣ್ಣು ವರ್ಷದ ಮೇಲಲ್ಲ, ಹಣದ ಮೇಲೆ. ಜಾಗ ಮಾರಿದ ಹಣದಲ್ಲಿ ಕನಿಷ್ಠ ಶೇ. 10 ಶಾಶ್ವತ ನಿರ್ವಹಣಾ ನಿಧಿಗೆ ಹೋಗಬೇಕು. ಸಾಮಾನ್ಯವಾಗಿ ಅದರ ಆದಾಯವನ್ನಷ್ಟೇ ಖರ್ಚು ಮಾಡಬೇಕು. ಬಡ್ಡಿ ಕುಸಿದರೆ? ಹುಲ್ಲು ಕತ್ತರಿಸುವುದಕ್ಕೂ ತತ್ವಾರ. ಚರ್ಚುಗಳ ಸ್ಮಶಾನಗಳಂತೂ ಈ ನಿಯಮದಿಂದ ಹೊರಗೇ.

ನನಗೆ ಇಂಗ್ಲೆಂಡಿನದೇ ನೇರ ಅನಿಸುತ್ತದೆ: ಮುಗಿಯುವ ವರ್ಷ ಮೊದಲೇ ಗೊತ್ತು. ಕರಾರುಪತ್ರ ಎಲ್ಲಿದೆಯೆಂದು ಮಕ್ಕಳಿಗೆ ಹೇಳಿಡಿ.